ಯಾರೀ ಸ್ಪೈರೋ?

ಅಮೆರಿಕದ ಮತದಾರ ಅಧ್ಯಕ್ಷನಿಗೂ ಉಪಾಧ್ಯಕ್ಷನಿಗೂ ಒಂದೇ ಮತ ಹಾಕುತ್ತಾನೆ. ವರನನ್ನು ಒಪ್ಪಿದ ಮೇಲೆ ಜೊತೆಗೆ ಬಂದ ಬೀಗರನ್ನೂ ಒಪ್ಪಲೇಬೇಕಲ್ಲ!

1968ರ ಆಗಸ್ಟಿನಲ್ಲಿ ಮಯಾಮಿ ಬೀಚಿನ ರಿಪಬ್ಲಿಕನ್ ಅಧಿವೇಶನದಲ್ಲಿ ರಿಚರ್ಡ್ ನಿಕ್ಸನ್ನರು ತಮ್ಮ ಜೋಡಿಯಾಗಿ ಸ್ಪೈರೋ ಆಗ್ನ್ಯೂ ಅವರನ್ನು ಹೆಸರಿಸಿದಾಗ ಪತ್ರಕರ್ತರೇ ಬೆಪ್ಪಾದರು. ಆಗ್ನ್ಯೂ ಮೇರಿಲ್ಯಾಂಡಿನ ಗವರ್ನರಾಗಿ ಎರಡು ವರ್ಷವೂ ತುಂಬಿರಲಿಲ್ಲ. ತಮ್ಮ ಹೆಸರು ಮನೆಮಾತಲ್ಲವೆಂದು ಅವರೇ ಒಪ್ಪಿಕೊಂಡರು. ಅಟ್ಲಾಂಟದ ಬೀದಿಯಲ್ಲಿ ವರದಿಗಾರನೊಬ್ಬ ಈ ಹೆಸರು ಹೇಳಿ ದಾರಿಹೋಕರನ್ನು ವಿಚಾರಿಸಿದನಂತೆ. ಅದೊಂದು ರೋಗವಿರಬೇಕೆಂದ ಒಬ್ಬ. ಒಂದು ಬಗೆಯ ಮೊಟ್ಟೆಯೆಂದ ಇನ್ನೊಬ್ಬ. ಹಡಗು ಕಟ್ಟಿಸುವ ಗ್ರೀಕ್ ಸಾಹುಕಾರನೆಂದ ಮತ್ತೊಬ್ಬ. ಈ ಮೂರನೆಯವನದು ಪೂರ್ತಿ ತಪ್ಪಲ್ಲ. ಆಗ್ನ್ಯೂರ ತಂದೆ ಗ್ರೀಸಿನಿಂದ ವಲಸೆ ಬಂದವರೇ.

‘ಸ್ಪೈರೋ ಯಾರು?’ ಎಂಬುದು ಆ ಚುನಾವಣೆಯ ನಗೆಮಾತಾಯಿತು. ಡೆಮಾಕ್ರಟರ ಟೆಲಿವಿಷನ್ ಜಾಹೀರಾತೊಂದರಲ್ಲಿ ತೆರೆಯ ಮೇಲೆ ಆಗ್ನ್ಯೂ ಉಪಾಧ್ಯಕ್ಷರಾಗುವ ಮಾತು. ಹಿನ್ನೆಲೆಯಲ್ಲಿ ಯಾರೋ ತಡೆಯಲಾರದೆ ನಗುವ ಸದ್ದು. ವಿಷಯ ಇಷ್ಟು ಗಂಭೀರವಲ್ಲದಿದ್ದರೆ ನಗಬಹುದಿತ್ತು ಎಂದು ಕೊನೆಗೊಂದು ಸಾಲು.

ನಕ್ಕವರೇ ಸೋತರು. ನಿಕ್ಸನ್ನರಿಗೆ ಶೇಕಡಾ 43.4, ಹಂಫ್ರಿಯವರಿಗೆ 42.7 ಮತ. ನಿಕ್ಸನ್ನರಿಗೆ ಬೇಕಾಗಿದ್ದುದು ಉತ್ತರದವರೂ ದಕ್ಷಿಣದವರೂ ಬೇಡವೆನ್ನದ ವ್ಯಕ್ತಿ. ಅಪರಿಚಿತನನ್ನು ಬೇಡವೆನ್ನುವುದಾದರೂ ಹೇಗೆ? 1972ರಲ್ಲಿ ಇದೇ ಜೋಡಿ ಭಾರಿ ಬಹುಮತದಿಂದ ಗೆದ್ದಿತು.

ಆದರೆ ಲಂಚದ ತನಿಖೆ ಬೆನ್ನುಹತ್ತಿ, 1973ರ ಅಕ್ಟೋಬರ್ 10ರಂದು ತೆರಿಗೆ ವಂಚನೆಯ ಆರೋಪವನ್ನು ಎದುರಿಸಿ ವಾದಿಸದೆ ಆಗ್ನ್ಯೂ ರಾಜೀನಾಮೆಯಿತ್ತರು. ಆ ಸ್ಥಾನಕ್ಕೆ ನಿಕ್ಸನ್ನರು ಜೆರಾಲ್ಡ್ ಫೋರ್ಡರನ್ನು ನೇಮಿಸಿದರು, ಕಾಂಗ್ರೆಸ್ಸು ಒಪ್ಪಿತು. 1974ರ ಆಗಸ್ಟಿನಲ್ಲಿ ವಾಟರ್‌ಗೇಟಿನಿಂದ ನಿಕ್ಸನ್ನರೂ ಇಳಿದಾಗ ಫೋರ್ಡರೇ ಅಧ್ಯಕ್ಷರಾದರು. ಈ ಎರಡು ಹುದ್ದೆಗಳಲ್ಲಿ ಒಂದಕ್ಕೂ ಮತದಾರರು ಅವರನ್ನು ಆರಿಸಿರಲಿಲ್ಲ.