ವಿದೇಶಿ ನಗದು ವಿನಿಮಯ

ಒಂದು ದೇಶದ ನೋಟುಗಳನ್ನು ಕೊಟ್ಟು ಇನ್ನೊಂದು ದೇಶದ ನೋಟುಗಳನ್ನು ಪಡೆಯುವ ಚಿಲ್ಲರೆ ವ್ಯವಹಾರವೇ ವಿದೇಶಿ ನಗದು ವಿನಿಮಯ. ಬ್ಯಾಂಕುಗಳು, ಪರವಾನಗಿ ಪಡೆದ ಮನಿ ಚೇಂಜರ್‌ಗಳು, ಕೊಲ್ಲಿ ದೇಶಗಳಲ್ಲಿ ಎಕ್ಸ್‌ಚೇಂಜ್ ಹೌಸ್‌ಗಳು ಇದನ್ನು ನಡೆಸುತ್ತವೆ. ಪ್ರವಾಸಿಗೆ ಇದು ವರ್ಷಕ್ಕೊಮ್ಮೆ ಬರುವ ಖರ್ಚು. ಕೆಲಸಕ್ಕೋ ಓದಿಗೋ ಹೊರದೇಶದಲ್ಲಿ ನೆಲೆಸಿದವರಿಗೆ ಮತ್ತೆ ಮತ್ತೆ ಎದುರಾಗುವ ಖರ್ಚು: ಹೋದ ಹೊಸದರಲ್ಲಿ ಬಾಡಿಗೆ ಮುಂಗಡಕ್ಕೆ, ಊರಿಗೆ ಹೊರಟಾಗ ಕೈಖರ್ಚಿಗೆ, ನೆಂಟರು ತಂದುಕೊಟ್ಟ ನೋಟು ಕರಗಿಸುವುದಕ್ಕೆ. ಗ್ರಾಹಕರು ತೆರುವ ಬೆಲೆಯ ಬಹುಪಾಲು ದರದೊಳಗೇ ಅಡಗಿರುತ್ತದೆ. ರಸೀದಿಯಲ್ಲಿ ಬೇರೆ ಸಾಲಾಗಿ ಕಾಣುವುದು ಅಲ್ಪ. ದರ ನ್ಯಾಯವೋ ಅಲ್ಲವೋ ಎಂಬುದನ್ನು ಫಲಕ ನೋಡಿ ಹೇಳಲಾಗದು, ಲೆಕ್ಕ ಹಾಕಬೇಕು.

ಆ ಲೆಕ್ಕಕ್ಕೆ ಅಳತೆಗೋಲು ಮಧ್ಯದರ. ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ಒಂದು ಕರೆನ್ಸಿಯನ್ನು ಕೊಳ್ಳುವ ಮತ್ತು ಮಾರುವ ದರಗಳ ನಟ್ಟನಡುವಿನ ಅಂಕಿ ಇದು. ಸುದ್ದಿಸಂಸ್ಥೆಗಳೂ ಮೊಬೈಲ್ ಆ್ಯಪ್‌ಗಳೂ ತೋರಿಸುವುದು ಸಾಮಾನ್ಯವಾಗಿ ಇದನ್ನೇ. ಭಾರತದಲ್ಲಿ ಡಾಲರ್, ಯೂರೊ, ಪೌಂಡ್ ಮತ್ತು ಯೆನ್‌ಗಳ ಉಲ್ಲೇಖ ದರವನ್ನು ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರ ಜುಲೈನಿಂದ ಆ ಕೆಲಸ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆಯದಾಗಿದೆ. ಯೂರೊಗೆ ಸಂಬಂಧಿಸಿದ ದರಗಳನ್ನು ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಅಲ್ಲಿಯ ಸಂಜೆ ನಾಲ್ಕರ ಹೊತ್ತಿಗೆ ಪ್ರಕಟಿಸುತ್ತದೆ. ಈ ದರದಲ್ಲಿ ಯಾವ ಅಂಗಡಿಯೂ ನೋಟು ಕೊಡುವುದಿಲ್ಲ. ಸಿಕ್ಕ ದರ ಇದರಿಂದ ಎಷ್ಟು ದೂರ ಇದೆ ಎಂದು ನೋಡುವುದಕ್ಕಷ್ಟೇ ಇದು ಬೇಕು.

ಆ ದೂರಕ್ಕೆ ಕಾರಣಗಳಿವೆ. ನಗದು ಸರಕಿನಂತೆ ವಿಮಾನದಲ್ಲಿ ಸಾಗಬೇಕು, ಅದಕ್ಕೆ ವಿಮೆ ಬೇಕು, ಕಾವಲು ಬೇಕು. ಖೋಟಾ ನೋಟು ಸಿಕ್ಕಿಬಿದ್ದರೆ ನಷ್ಟ ಅಂಗಡಿಯದು. ಮಾರಾಟವಾಗದೆ ಪೆಟ್ಟಿಗೆಯಲ್ಲಿ ಕುಳಿತ ನೋಟಿಗೆ ಬಡ್ಡಿ ಬರುವುದಿಲ್ಲ, ಅಷ್ಟರಲ್ಲಿ ಅದರ ಬೆಲೆ ಇಳಿಯಲೂಬಹುದು. ಹೀಗಾಗಿ ಕೈಯಿಂದ ಕೈಗೆ ಬೇಗ ಸಾಗುವ ಡಾಲರ್, ಯೂರೊಗಳ ಮೇಲೆ ಅಂತರ ಕಡಿಮೆ, ಗಿರಾಕಿ ಇಲ್ಲದ ಕರೆನ್ಸಿಯ ಮೇಲೆ ಬಹಳ ಹೆಚ್ಚು. ಕೆನ್ಯಾದ ಶಿಲಿಂಗನ್ನು ನೈರೋಬಿಯಲ್ಲೇ ಕೊಳ್ಳುವುದು, ಉಳಿದದ್ದನ್ನು ಅಲ್ಲೇ ಮಾರಿ ಬರುವುದು ಲಾಭ; ಬೇರೆ ಊರಿನಲ್ಲಿ ಅದನ್ನು ತೆಗೆದುಕೊಳ್ಳುವವರು ಸಿಕ್ಕರೆ ಅದೃಷ್ಟ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಎತ್ತ ಹೋದರೂ ಕೈಸುಡದಿರಲೆಂದು ಆ ದಿನಗಳಲ್ಲಿ ಹಲವು ಅಂಗಡಿಗಳು ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತವೆ.

ಲೆಕ್ಕ ಸರಳ. ಡಾಲರಿನ ಮಧ್ಯದರ 85 ರೂಪಾಯಿ ಎಂದುಕೊಂಡರೆ, 83.30ಕ್ಕೆ ಕೊಂಡು 86.70ಕ್ಕೆ ಮಾರುವ ಅಂಗಡಿ ಎರಡೂ ಕಡೆ ಶೇ 2ರಷ್ಟು ಇಟ್ಟುಕೊಳ್ಳುತ್ತದೆ. ಅಲ್ಲಿ 500 ಡಾಲರ್ ಕೊಟ್ಟವರಿಗೆ 42,500ರ ಬದಲು 41,650 ರೂಪಾಯಿ ಸಿಗುತ್ತದೆ. ಖರ್ಚು 850 ರೂಪಾಯಿ. ಫಲಕದಲ್ಲಿ ಎರಡೂ ದರ ಬರೆದಿದ್ದರೆ ಮೊಬೈಲ್ ಇಲ್ಲದೆಯೂ ಅಂದಾಜು ಮಾಡಬಹುದು: ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಹೆಚ್ಚುಕಡಿಮೆ ಮಧ್ಯದರ ಬರುತ್ತದೆ. ಮುಖ್ಯ ಕರೆನ್ಸಿಗಳಿಗೆ ಒಂದು ಬದಿಯಲ್ಲಿ ಶೇ 1ರಿಂದ 2ರೊಳಗಿನ ಅಂತರ ಒಳ್ಳೆಯದು, ಶೇ 3ರವರೆಗೆ ಸಹಿಸಬಹುದು, ಶೇ 5 ದಾಟಿದರೆ ಬೇರೆ ಅಂಗಡಿ ನೋಡುವುದು ಮೇಲು.

ಫಲಕದ ‘ಖರೀದಿ’, ‘ಮಾರಾಟ’ ಎಂಬ ಪದಗಳು ಅಂಗಡಿಯವರ ಕಡೆಯಿಂದ ಬರೆದವು. ವಿದೇಶಿ ನೋಟು ಕೊಡುವವರಿಗೆ ಅನ್ವಯಿಸುವುದು ಖರೀದಿ ದರ, ಅಂದರೆ ಚಿಕ್ಕ ಅಂಕಿ. ಪ್ರವಾಸಿಗರು ಮುತ್ತುವ ಊರುಗಳಲ್ಲಿ ದೊಡ್ಡ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು, ನಿಜಕ್ಕೂ ಕೊಡುವ ದರವನ್ನು ಮೂಲೆಗೆ ತಳ್ಳುವ ಚಾಳಿ ಹಳೆಯದು. ‘ಕಮಿಷನ್ ಇಲ್ಲ’ ಎಂಬ ಫಲಕಕ್ಕೂ ಹೆಚ್ಚಿನ ಬೆಲೆ ಇಲ್ಲ, ಏಕೆಂದರೆ ಕಮಿಷನ್ ಬಿಟ್ಟ ಅಂಗಡಿ ಅದನ್ನು ದರದಲ್ಲೇ ಹಿಂಪಡೆಯಬಲ್ಲದು. ಚೆಕ್ ಗಣರಾಜ್ಯದ ಪ್ರಾಗ್ ನಗರ ಈ ಬಗೆಯ ಮೋಸಕ್ಕೆ ಕುಖ್ಯಾತವಾಗಿತ್ತು. ಅಲ್ಲಿ 2019ರಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿಯ ಪ್ರಕಾರ, 1,000 ಯೂರೊ ಬೆಲೆಯವರೆಗಿನ ವಿನಿಮಯವನ್ನು ಗ್ರಾಹಕರು ಮೂರು ಗಂಟೆಯೊಳಗೆ ರದ್ದುಮಾಡಿ ತಮ್ಮ ಹಣ ವಾಪಸು ಪಡೆಯಬಹುದು, ರಸೀದಿ ಇಟ್ಟುಕೊಂಡಿರಬೇಕು. ಇಂಥ ಕಾನೂನು ಇಲ್ಲದ ಕಡೆ ನೋಟು ಕೊಡುವ ಮೊದಲೇ ಕೇಳಬೇಕಾದದ್ದು ಒಂದೇ ಪ್ರಶ್ನೆ: ಇಷ್ಟು ಕೊಟ್ಟರೆ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ? ಉತ್ತರವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸದ ಅಂಗಡಿಯನ್ನು ಬಿಡುವುದೇ ವಾಸಿ.

ಸ್ಥಳದಿಂದ ಸ್ಥಳಕ್ಕೆ ದರ ಬದಲಾಗುವುದು ಮುಖ್ಯವಾಗಿ ಪೈಪೋಟಿಯಿಂದ. ವಿಮಾನ ನಿಲ್ದಾಣದ ಕೌಂಟರು ಭಾರಿ ಬಾಡಿಗೆ ತೆರುತ್ತದೆ, ಬಂದಿಳಿದವರಿಗೆ ಬೇರೆ ದಾರಿಯೂ ಇರುವುದಿಲ್ಲ. ಹೋಟೆಲಿನ ಕೌಂಟರೂ ಅದೇ ಜಾತಿ. ಒಂದೇ ಬೀದಿಯಲ್ಲಿ ಹತ್ತಾರು ಅಂಗಡಿಗಳಿರುವ ಕಡೆ ದರ ತಾನಾಗಿ ಮಧ್ಯದರದ ಹತ್ತಿರ ಬರುತ್ತದೆ. ಸಿಂಗಪುರದ ರಾಫಲ್ಸ್ ಪ್ಲೇಸ್‌ನ ದಿ ಆರ್ಕೇಡ್ ಕಟ್ಟಡ, ಲಿಟ್ಲ್ ಇಂಡಿಯಾದ ಮುಸ್ತಫಾ ಸೆಂಟರ್ ಇದಕ್ಕೆ ಹೆಸರಾದವು. ಎರಡನೆಯ ಕಡೆ ಭಾರತೀಯರ ಓಡಾಟ ಹೆಚ್ಚಾದ್ದರಿಂದ ರೂಪಾಯಿಗೂ ಗಿರಾಕಿ ಉಂಟು. ಹಾಂಗ್‌ಕಾಂಗ್‌ನ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ ಬಾಗಿಲ ಬಳಿಯ ಅಂಗಡಿಗಳ ದರ ಕೆಟ್ಟದ್ದು, ಒಳಕ್ಕೆ ಹೋದಷ್ಟೂ ಉತ್ತಮ. ಬ್ಯಾಂಕಾಕಿನಲ್ಲಿ ಸೂಪರ್‌ರಿಚ್ ಎಂಬ ಹೆಸರನ್ನೇ ಹೊತ್ತು ಬೇರೆ ಬೇರೆ ಬಣ್ಣದ ಫಲಕ ತೂಗಿಸಿರುವ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಒಂದನ್ನೊಂದು ಮೀರಿಸಲು ನೋಡುತ್ತವೆ. ಅದೇ ಊರಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ, ಮೇಲಿನ ಅಂತಸ್ತಿನ ಬ್ಯಾಂಕ್ ಕೌಂಟರುಗಳಿಗಿಂತ ನೆಲಮಾಳಿಗೆಯ ರೈಲು ನಿಲ್ದಾಣದ ಪಕ್ಕದ ಅಂಗಡಿಗಳು ಪಟ್ಟಣದ ದರಕ್ಕೆ ಸಮೀಪದ ದರ ಕೊಡುತ್ತವೆ. ವಿಮಾನ ನಿಲ್ದಾಣದಲ್ಲಿ ಕೆಟ್ಟ ದರ ಎಂಬ ಮಾತಿಗೂ ಹೀಗೆ ಅಪವಾದಗಳಿವೆ. ಮೊತ್ತ ದೊಡ್ಡದಾದರೆ ಇಂಥ ಪೇಟೆಗಳಲ್ಲಿ ಚೌಕಾಸಿ ನಡೆಯುತ್ತದೆ, ಬೆಂಗಳೂರಿನ ಎಂ.ಜಿ. ರಸ್ತೆಯ ಸುತ್ತಮುತ್ತಲ ಮನಿ ಚೇಂಜರ್‌ಗಳಲ್ಲೂ ಮೊದಲು ಹೇಳಿದ ದರವೇ ಕೊನೆಯದಲ್ಲ.

ಕೊಲ್ಲಿ ದೇಶಗಳ ಸಂಗತಿಯೇ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ದಿರ್ಹಮ್, ರಿಯಾಲ್‌ಗಳ ದರ ದಿನಾ ನೋಡುವ ಅಂಕಿ. ಈ ದೇಶಗಳ ಪೈಕಿ ಹೆಚ್ಚಿನವು ತಮ್ಮ ಕರೆನ್ಸಿಯನ್ನು ಡಾಲರಿಗೆ ಕಟ್ಟಿಹಾಕಿವೆ. 1997ರಿಂದ ಒಂದು ಡಾಲರಿಗೆ 3.6725 ಯುಎಇ ದಿರ್ಹಮ್, 1986ರಿಂದ 3.75 ಸೌದಿ ರಿಯಾಲ್. ಕತಾರಿನ ರಿಯಾಲ್ 3.64, ಬಹರೇನಿನ ದಿನಾರ್ 0.376, ಒಮಾನಿನ ರಿಯಾಲ್ 0.3845. ಕುವೈತ್ ಮಾತ್ರ 2007ರಲ್ಲಿ ಡಾಲರಿನ ಕಟ್ಟು ಬಿಡಿಸಿಕೊಂಡು ಹಲವು ಕರೆನ್ಸಿಗಳ ಗುಚ್ಛಕ್ಕೆ ತನ್ನ ದಿನಾರನ್ನು ಜೋಡಿಸಿತು. ಕಟ್ಟು ಇರುವುದರಿಂದ ಎರಡು ಅನುಕೂಲಗಳಾಗುತ್ತವೆ. ದಿರ್ಹಮಿಗೂ ಡಾಲರಿಗೂ ನಡುವೆ ಏರಿಳಿತದ ಅಪಾಯ ಇಲ್ಲದ್ದರಿಂದ ಆ ವಿನಿಮಯದ ಮೇಲೆ ದೊಡ್ಡ ಅಂತರ ಕೇಳುವುದಕ್ಕೆ ಅಂಗಡಿಗೆ ನೆಪವೇ ಇರುವುದಿಲ್ಲ. ರೂಪಾಯಿಯ ದರವನ್ನೂ ಗ್ರಾಹಕರೇ ಲೆಕ್ಕ ಹಾಕಬಹುದು: ಡಾಲರಿಗೆ 85 ರೂಪಾಯಿ ಇದ್ದಾಗ ಅದನ್ನು 3.6725ರಿಂದ ಭಾಗಿಸಿದರೆ ದಿರ್ಹಮಿಗೆ ಸುಮಾರು 23.14, 3.75ರಿಂದ ಭಾಗಿಸಿದರೆ ಸೌದಿ ರಿಯಾಲಿಗೆ 22.67. ಇನ್ನೊಂದು ಮಾತು: ಕೊಲ್ಲಿಯ ಎಕ್ಸ್‌ಚೇಂಜ್ ಹೌಸ್‌ಗಳಲ್ಲಿ ಊರಿನ ಖಾತೆಗೆ ಹಣ ಕಳಿಸುವ ದರ ಒಂದು, ನೋಟು ಕೊಡುವ ದರ ಇನ್ನೊಂದು. ಕಳಿಸುವ ದರದಲ್ಲಿ ಪೈಪೋಟಿ ಬಿರುಸಾದ್ದರಿಂದ ಅದೇ ಉತ್ತಮ. ರೂಪಾಯಿ ನೋಟುಗಳನ್ನು ಅಲ್ಲಿಂದ ಕೊಂಡು ತರುವುದರಲ್ಲಿ ಅರ್ಥವಿಲ್ಲ.

ಸರಕಾರ ವಿನಿಮಯವನ್ನು ಬಿಗಿಹಿಡಿದ ದೇಶಗಳಲ್ಲಿ ನ್ಯಾಯವಾದ ದರ ಯಾವುದೆಂಬುದೇ ಗೊಂದಲವಾಗುತ್ತದೆ, ಏಕೆಂದರೆ ಅಲ್ಲಿ ದರಗಳೇ ಎರಡಿರುತ್ತವೆ. ಅರ್ಜೆಂಟೀನಾದಲ್ಲಿ 2019ರಿಂದ ಮತ್ತೆ ಜಾರಿಯಾದ ನಿರ್ಬಂಧಗಳು 2025ರ ಏಪ್ರಿಲ್‌ನಲ್ಲಿ ಸಾಮಾನ್ಯ ಜನರ ಮಟ್ಟಿಗೆ ಬಹುತೇಕ ಸಡಿಲವಾದವು. ನಡುವಿನ ವರ್ಷಗಳಲ್ಲಿ ಬ್ಯೂನಸ್ ಐರಿಸ್‌ನ ಫ್ಲೋರಿಡಾ ಬೀದಿಯಲ್ಲಿ ಕೂಗಿ ಕರೆಯುವ ದಲ್ಲಾಳಿಗಳು ‘ನೀಲಿ ಡಾಲರ್’ ದರದಲ್ಲಿ ಪೇಸೊ ಕೊಡುತ್ತಿದ್ದರು. 2023ರಲ್ಲಿ ಅದು ಅಧಿಕೃತ ದರದ ಎರಡು ಪಟ್ಟನ್ನೂ ಮೀರಿದ ಕಾಲವಿತ್ತು. ಬ್ಯಾಂಕಿನಲ್ಲಿ ಡಾಲರ್ ಬದಲಿಸಿದವರು ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಳ್ಳುತ್ತಿದ್ದರು. ಲೆಬನಾನಿನಲ್ಲಿ 1997ರಿಂದ ಡಾಲರಿಗೆ 1,507.5 ಪೌಂಡ್ ಎಂದಿದ್ದ ಅಧಿಕೃತ ದರವನ್ನು 2023ರ ಫೆಬ್ರುವರಿಯಲ್ಲಿ 15,000ಕ್ಕೆ ಬದಲಿಸಲಾಯಿತು. ಬೀದಿ ದರ ಆಗಲೇ ಅದನ್ನು ಹಲವು ಪಟ್ಟು ಮೀರಿತ್ತು. ಈಜಿಪ್ಟ್ 2024ರ ಮಾರ್ಚ್‌ನಲ್ಲಿ ಹಿಡಿತ ಸಡಿಲಿಸಿದಾಗ ಡಾಲರಿಗೆ 31ರಷ್ಟಿದ್ದ ಅಲ್ಲಿಯ ಪೌಂಡ್ ಒಂದೇ ದಿನದಲ್ಲಿ 50ರ ಸುತ್ತಿಗೆ ಜಾರಿತು. ಇಂಥ ಕಡೆ ಆ್ಯಪ್ ತೋರಿಸುವ ಮಧ್ಯದರವನ್ನು ನಂಬಿದರೆ ಮೋಸ ಹೋಗುವುದೇ ಸರಿ. ಹಾಗೆಂದು ಬೀದಿ ವ್ಯಾಪಾರ ಸುರಕ್ಷಿತವೂ ಅಲ್ಲ: ಕೆಲವು ದೇಶಗಳಲ್ಲಿ ಅದು ಕಂಡೂ ಕಾಣದಂತೆ ಬಿಟ್ಟ ಸಂಗತಿ, ಇನ್ನು ಕೆಲವೆಡೆ ಜೈಲಿಗೆ ದಾರಿ. ಕಂತೆಯ ನಡುವೆ ಸಣ್ಣ ನೋಟು ಸೇರಿಸುವುದು, ಎಣಿಸುವಾಗ ಮಡಿಚಿಡುವುದು, ಚಲಾವಣೆ ನಿಂತ ನೋಟು ದಾಟಿಸುವುದು ಎಲ್ಲ ದೇಶಗಳಲ್ಲೂ ಇರುವ ಕೈಚಳಕ. ಮಾರುಕಟ್ಟೆಯಲ್ಲಿ ಒಂದೇ ದರ ಇರುವ ದೇಶದಲ್ಲಿ ಯಾರಾದರೂ ಮಧ್ಯದರಕ್ಕಿಂತ ಉತ್ತಮ ದರ ಕೊಡುತ್ತೇನೆಂದರೆ ಅಲ್ಲಿಂದ ಕಾಲ್ತೆಗೆಯಬೇಕು.

ನೋಟಿನ ಸ್ಥಿತಿಗೂ ಬೆಲೆ ಇದೆ. ಹಲವು ದೇಶಗಳಲ್ಲಿ 100 ಡಾಲರಿನ ನೋಟಿಗೆ ಒಂದು ದರ, 20ಕ್ಕೆ ಅದಕ್ಕಿಂತ ಕಡಿಮೆ, 1 ಮತ್ತು 5ಕ್ಕೆ ಇನ್ನೂ ಕಡಿಮೆ. ಥಾಯ್ಲೆಂಡಿನ ಫಲಕಗಳಲ್ಲಿ ಈ ಸಾಲುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಮ್ಯಾನ್ಮಾರಿನಲ್ಲಿ ಮಡಿಕೆಯೋ ಶಾಯಿಯ ಗುರುತೋ ಇದ್ದರೆ ನೋಟನ್ನೇ ನಿರಾಕರಿಸುವುದುಂಟು. ಅಮೆರಿಕ ತನ್ನ ಹಳೆಯ ನೋಟುಗಳೆಲ್ಲ ಸಿಂಧುವೆಂದೇ ಹೇಳುತ್ತದೆ. ಆದರೂ 1996ಕ್ಕೆ ಮೊದಲಿನ ಚಿಕ್ಕ ಮುಖಚಿತ್ರದ 100ರ ನೋಟನ್ನು ಹೊರದೇಶದ ಅಂಗಡಿಗಳು ಮುಟ್ಟಲು ಹಿಂಜರಿಯುತ್ತವೆ. ಬ್ರಿಟನ್ನಿನ ಕಾಗದದ 20 ಮತ್ತು 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ 30ಕ್ಕೆ ಚಲಾವಣೆಯಿಂದ ಹೋದವು. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಅವನ್ನು ಬದಲಿಸಿಕೊಡುತ್ತದೆ, ಮನಿ ಚೇಂಜರ್‌ಗಳು ಕೊಡುವುದಿಲ್ಲ. ಭಾರತ 2016ರ ನವೆಂಬರಿನಲ್ಲಿ 500 ಮತ್ತು 1,000 ರೂಪಾಯಿ ನೋಟುಗಳನ್ನು ರದ್ದುಮಾಡಿದಾಗ ಹೊರಗಿದ್ದ ಅನಿವಾಸಿಗಳಿಗೆ 2017ರ ಜೂನ್ 30ರವರೆಗೆ ಸಮಯ ಸಿಕ್ಕಿತು. ಕಪಾಟಿನಲ್ಲಿ ಮರೆತುಬಿಟ್ಟವರ ನೋಟುಗಳು ಕಾಗದವಾದವು.

ನಗದಿಗೆ ಪರ್ಯಾಯವಾಗಿ ಎಟಿಎಂ ಇದೆ. ಕಾರ್ಡ್ ಜಾಲಗಳ ದರ ಮಧ್ಯದರಕ್ಕೆ ಹತ್ತಿರ; ಖರ್ಚೆಲ್ಲ ಬ್ಯಾಂಕ್ ಸೇರಿಸುವ ಶುಲ್ಕದಲ್ಲಿ. ತೊಡಕು ಒಂದೇ: ಯಂತ್ರವೋ ಅಂಗಡಿಯವರೋ ‘ರೂಪಾಯಿಯಲ್ಲೇ ಲೆಕ್ಕ ಹಾಕೋಣವೇ’ ಎಂದು ಕೇಳುತ್ತಾರೆ. ಒಪ್ಪಿದರೆ ದರ ನಿಗದಿಪಡಿಸುವುದು ಅವರ ಕೈಸೇರುತ್ತದೆ, ಅದು ಯಾವಾಗಲೂ ಹೆಚ್ಚುಕಡಿಮೆ ದುಬಾರಿಯೇ. ಸ್ಥಳೀಯ ಕರೆನ್ಸಿಯನ್ನೇ ಆರಿಸಬೇಕು. ಐರೋಪ್ಯ ಒಕ್ಕೂಟದ ಕರೆನ್ಸಿಗಳ ನಡುವೆ ಹೀಗೆ ಪರಿವರ್ತಿಸುವಾಗ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದು ತೋರಿಸುವುದನ್ನು 2019ರ ನಿಯಮವೊಂದು ಕಡ್ಡಾಯ ಮಾಡಿದೆ.

ಭಾರತದಲ್ಲಿ ವಿದೇಶಿ ನಗದಿನ ವ್ಯವಹಾರ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ, ಅಂದರೆ ಫೆಮಾಗೆ ಒಳಪಟ್ಟಿದೆ. ಅಂಗಡಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಹೊರಡುವವರು ಹೆಚ್ಚಿನ ದೇಶಗಳಿಗೆ ಪ್ರತಿ ಪ್ರಯಾಣದಲ್ಲಿ 3,000 ಡಾಲರ್ ಬೆಲೆಯವರೆಗಿನ ನೋಟು ಕೊಳ್ಳಬಹುದು, ಉಳಿದದ್ದು ಕಾರ್ಡಿನಲ್ಲೋ ಬೇರೆ ರೂಪದಲ್ಲೋ ಇರಬೇಕು. ಬರುವಾಗ ನೋಟುಗಳೇ 5,000 ಡಾಲರ್ ಮೀರಿದರೆ, ಅಥವಾ ಎಲ್ಲ ಸೇರಿ 10,000 ಮೀರಿದರೆ, ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ವಿನಿಮಯದ ಮೇಲೆ ಜಿಎಸ್‌ಟಿಯೂ ಇದೆ, ಆದರೆ ಇಡೀ ಮೊತ್ತದ ಮೇಲಲ್ಲ. ಸಾಮಾನ್ಯವಾಗಿ ಬಳಸುವ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ 18 ತೆರಿಗೆ ಹಾಕುತ್ತಾರೆ. 50,000 ರೂಪಾಯಿಗೆ 90 ರೂಪಾಯಿ ತೆರಿಗೆ. ಎರಡು ಸಾವಿರದ ಚಿಲ್ಲರೆ ಬದಲಾವಣೆಗೂ 45 ರೂಪಾಯಿ ತಪ್ಪದು. ರಸೀದಿ ಬೇಡವೆಂದರೆ ತೆರಿಗೆ ಬಿಡುತ್ತೇವೆ ಎನ್ನುವ ಅಂಗಡಿಯಲ್ಲಿ ಮುಂದೆ ತಕರಾರಾದರೆ ಗ್ರಾಹಕರ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ.

ಪ್ರಯಾಣ ಮುಗಿಸಿ ಬಂದ ಭಾರತದ ನಿವಾಸಿಗಳು ಉಳಿದ ನೋಟುಗಳನ್ನು 180 ದಿನಗಳೊಳಗೆ ಮಾರಬೇಕು. 2,000 ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಲು ಅನುಮತಿ ಇದೆ. ಹೊರದೇಶದಲ್ಲಿ ನೆಲೆಸಿದ್ದಾಗ ಗಳಿಸಿದ ವಿದೇಶಿ ಹಣವನ್ನು ಮರಳಿ ಬಂದ ಮೇಲೂ ಹೊಂದಿರಲು ಫೆಮಾದ 6(4)ನೇ ಕಲಮು ಅವಕಾಶ ಕೊಡುತ್ತದೆ. ನಾಣ್ಯಗಳಿಗೆ ಯಾವ ಮಿತಿಯೂ ಇಲ್ಲ, ಅವನ್ನು ಕೊಳ್ಳುವ ಮನಿ ಚೇಂಜರೂ ಸಾಮಾನ್ಯವಾಗಿ ಸಿಗುವುದಿಲ್ಲ.