ಗೋವಾದ ಪವರ್ ಹ್ಯಾಮರ್ ಯಾರ ಕಾಲದ್ದು?

ಗೋವಾದ ಹಳೆಯ ವರ್ಕ್‌ಶಾಪಿನಿಂದಲೋ ಬಾರ್ಜ್ ಕಟ್ಟುವ ಯಾರ್ಡಿನಿಂದಲೋ ಒಂದು ಪವರ್ ಹ್ಯಾಮರ್, ಅಂದರೆ ಯಂತ್ರದಿಂದ ಬಡಿಯುವ ಕಮ್ಮಾರರ ಸುತ್ತಿಗೆ, ಮಾರಾಟಕ್ಕೆ ಬಂದರೆ ಅದಕ್ಕೆ ಎರಡು ಬಗೆಯ ಬೆಲೆ ಕಟ್ಟುವ ಸಂಭವವೇ ಹೆಚ್ಚು. ಹಳೆಯ ವಸ್ತುಗಳ ವ್ಯಾಪಾರಿ ಅದನ್ನು ಪೋರ್ಚುಗೀಸರ ಕಾಲದ್ದೆಂದು ಹೇಳಿ ಬೆಲೆ ಏರಿಸುತ್ತಾನೆ. ಗುಜರಿಯವನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಇಳಿಸುತ್ತಾನೆ. ನನ್ನ ಪ್ರಕಾರ ಎರಡೂ ತಪ್ಪು. ಗೋವಾದ ಪವರ್ ಹ್ಯಾಮರ್ ಚರ್ಚು, ಕೋಟೆಗಳ ಪರಂಪರೆಗೆ ಸೇರಿದ್ದಲ್ಲ. ಅದು ರೈಲು, ಬಂದರು, ಅದಿರು ಈ ಮೂರರ ಕೂಸು, ಅದರಲ್ಲೂ ಹೆಚ್ಚಾಗಿ ಅದಿರಿನದು. ಈ ಇತಿಹಾಸ ತಿಳಿಯದೆ ಅದರ ಗುರುತೂ ಸಿಗುವುದಿಲ್ಲ, ಬೆಲೆಯೂ ಸಿಗುವುದಿಲ್ಲ.

ಈ ಮಾತಿಗೆ ಮೊದಲು ಎದ್ದುಬರುವ ಆಕ್ಷೇಪ ಹಳೆ ಗೋವಾದ ಶಸ್ತ್ರಾಗಾರದ್ದು. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾವನ್ನು ಕಿತ್ತುಕೊಂಡ ಅಫೋನ್ಸೊ ದ ಅಲ್ಬುಕರ್ಕ್‌ನಿಗೆ ಊರಿನ ಜೊತೆಗೆ ಅದರ ಕಮ್ಮಾರರೂ ದಕ್ಕಿದರು. ಇಲ್ಲಿನವರು ಮಾಡುವ ಬಂದೂಕು ಬೊಹೇಮಿಯಾದವರ ಕೆಲಸಕ್ಕೆ ಸಮವೆಂದು ಅವನು 1513ರಲ್ಲಿ ತನ್ನ ದೊರೆಗೆ ಬರೆದ. ಮಾಂಡೋವಿ ದಂಡೆಯ ರಿಬೇರಾ ಎಂಬ ಹಡಗುಕಟ್ಟೆಯಲ್ಲಿ ಹಡಗು, ಲಂಗರು, ಫಿರಂಗಿಗಳ ಕೆಲಸ ನಡೆಯುತ್ತಿತ್ತು. ಇಷ್ಟು ದೊಡ್ಡ ಕಾರ್ಖಾನೆಯಿದ್ದ ಕಡೆ ಯಂತ್ರದ ಸುತ್ತಿಗೆ ಇರಲಿಲ್ಲವೇ ಎಂದು ಕೇಳಬಹುದು. ಕಾಲವನ್ನು ತಾಳೆ ನೋಡಿದರೆ ಉತ್ತರ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಜೇಮ್ಸ್ ನಾಸ್ಮಿತ್ ಉಗಿ ಸುತ್ತಿಗೆಯ ಮೊದಲ ಚಿತ್ರ ಬರೆದದ್ದು 1839ರಲ್ಲಿ, ಅದಕ್ಕೆ ಪೇಟೆಂಟ್ ಪಡೆದದ್ದು 1842ರಲ್ಲಿ. 1843ರಲ್ಲಿ ರಾಜಧಾನಿಯ ಪಟ್ಟ ಅಧಿಕೃತವಾಗಿ ಪಣಜಿಗೆ ಹೋಯಿತು. ಅಷ್ಟರಲ್ಲಿ ಹಳೆ ಗೋವಾ ಪಾಳುಬಿದ್ದ ಪಟ್ಟಣ. ಉಗಿ ಸುತ್ತಿಗೆ ಹುಟ್ಟುವ ಹೊತ್ತಿಗೆ ಅದನ್ನು ತರಿಸಿಕೊಳ್ಳುವ ತ್ರಾಣ ಆ ಶಸ್ತ್ರಾಗಾರಕ್ಕೆ ಉಳಿದಿರಲಿಲ್ಲ. ಅಲ್ಬುಕರ್ಕ್ ಮೆಚ್ಚಿದ್ದು ತಿದಿಯೊತ್ತುವವನ, ಇಕ್ಕಳ ಹಿಡಿದ ಮೇಸ್ತ್ರಿಯ, ಎದುರುಬದುರು ನಿಂತು ಚಮ್ಮಟಿಗೆ ಎತ್ತುವವರ ಕೈಕೆಲಸವನ್ನು. ಆ ಕೀರ್ತಿಯನ್ನು ಯಂತ್ರಕ್ಕೆ ಕೊಟ್ಟರೆ ಆ ಜನಕ್ಕೆ ಅನ್ಯಾಯವಾಗುತ್ತದೆ.

ಹಳ್ಳಿಯ ಕುಲುಮೆಗೂ ಇದು ಬೇಕಾಗಿರಲಿಲ್ಲ. ಊರಿನ ಜಮೀನನ್ನು ಒಟ್ಟಾಗಿ ನಡೆಸುತ್ತಿದ್ದ ಗಾಂವಕಾರಿ ವ್ಯವಸ್ಥೆಯಲ್ಲಿ ಚಾರಿ ಮನೆತನದ ಕಮ್ಮಾರ ಊರಿನ ಸೇವಕ. ಅವನ ಪಾಲು ಬರುತ್ತಿದ್ದುದು ಊರಿನ ಜಮೀನಿನಿಂದ, ಬೆಳೆಯಿಂದ. ನೇಗಿಲ ಕುಳ, ಕೊಯ್ತಿ, ಈಳಿಗೆ, ಗಾಡಿ ಚಕ್ರದ ಪಟ್ಟಿ ಇವೆಲ್ಲ ಕೈಸುತ್ತಿಗೆಗೆ ಬಗ್ಗುವ ಕೆಲಸಗಳು. ದಿನಕ್ಕೆ ನೂರಾರು ಒಂದೇ ಅಳತೆಯ ಸಾಮಾನು ಬಡಿಯಬೇಕಾದಾಗ, ಇಲ್ಲವೇ ತೊಡೆ ದಪ್ಪದ ಕಬ್ಬಿಣವನ್ನು ಎಳೆಯಬೇಕಾದಾಗ ಮಾತ್ರ ಪವರ್ ಹ್ಯಾಮರಿಗೆ ಹಾಕಿದ ಹಣ ಹುಟ್ಟುತ್ತದೆ. ಅಂಥ ಅಗತ್ಯ ಗೋವಾಕ್ಕೆ ಬಂದದ್ದು ಘಟ್ಟ ಹತ್ತುವ ರೈಲಿನ ಜೊತೆ. ಮುರಗಾಂವ್‌ನಿಂದ ಕ್ಯಾಸಲ್‌ರಾಕ್‌ವರೆಗಿನ ಹಳಿ 1888ರಲ್ಲಿ ಪೂರ್ತಿಯಾಯಿತು. 1902ರಿಂದ ಆ ಮಾರ್ಗವನ್ನು ನಡೆಸಿದ್ದು ಸದರ್ನ್ ಮರಾಠಾ ರೈಲ್ವೆ. ಆದರೆ ಆ ಕಂಪನಿಯ ದೊಡ್ಡ ಕಾರ್ಯಾಗಾರ ಹುಬ್ಬಳ್ಳಿಯಲ್ಲಿತ್ತು. ಭಾರಿ ಕಮ್ಮಾರಿಕೆಗೆ ಬೇಕಾದ ಯಂತ್ರ, ಕೈ, ಅನುಭವ ಎಲ್ಲವೂ ಘಟ್ಟದ ಮೇಲೆ ನಮ್ಮ ಕಡೆಯೇ ನೆಲೆಯೂರಿದವು. ಆದ್ದರಿಂದ ರೈಲು ಬಂದ ಮೇಲೂ ಗೋವಾದೊಳಗೆ ಇಂಥ ಯಂತ್ರಗಳಿಗೆ ಹೆಚ್ಚು ಜಾಗವಿರಲಿಲ್ಲವೆಂದು ಊಹಿಸುವುದೇ ಸರಿ.

ಆ ಸ್ಥಿತಿಯನ್ನು ಬದಲಿಸಿದ್ದು ಅದಿರು. ಎರಡನೇ ಮಹಾಯುದ್ಧದ ನಂತರ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಗೋವಾದ ಕಬ್ಬಿಣದ ಅದಿರು ಹೊರಟಿತು. 1950ರ ದಶಕದಲ್ಲಿ ಗಣಿಗಳಿಗೆ ಯಂತ್ರಗಳು ಇಳಿದವು. ಮಾಂಡೋವಿ, ಜುವಾರಿ ನದಿಗಳಲ್ಲಿ ಅದಿರು ಸಾಗಿಸುವ ಬಾರ್ಜ್‌ಗಳು ತುಂಬಿದವು. 1957ರಲ್ಲಿ ವಾಸ್ಕೊದಲ್ಲಿ ಇಂದಿನ ಗೋವಾ ಶಿಪ್‌ಯಾರ್ಡಿನ ಮೂಲ ಸಂಸ್ಥೆ ಶುರುವಾಯಿತು. ಸವೆದ ಡ್ರಿಲ್ ಉಳಿಗಳಿಗೆ ಮೊನೆ ಹಾಕುವುದು, ಲಾರಿ ಪ್ಲೇಟುಗಳನ್ನು ಬಾಗಿಸುವುದು, ಸರಪಳಿ ಕೊಂಡಿ, ಲಂಗರಿನ ತೋಳು, ಶಾಫ್ಟು ಬಡಿಯುವುದು: ಪವರ್ ಹ್ಯಾಮರ್ ಹುಟ್ಟಿರುವುದೇ ಇಂಥ ಕೆಲಸಕ್ಕೆ. ಇದೇ ಹೊತ್ತಿನ ಇನ್ನೊಂದು ಸಂಗತಿ ಗುರುತು ಹಚ್ಚುವವರಿಗೆ ತುಂಬ ಉಪಯುಕ್ತ. ವಿಮೋಚನಾ ಚಳವಳಿಯ ಕಾವಿನಲ್ಲಿ, 1955ರ ಸುಮಾರಿಗೆ, ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಪೋರ್ಚುಗೀಸರಿಂದ ಗೋವಾ ಬಿಡುಗಡೆಯಾದ 1961ರ ಡಿಸೆಂಬರ್ 19ರವರೆಗೂ ಗಡಿ ಹೆಚ್ಚುಕಡಿಮೆ ಮುಚ್ಚಿತ್ತು. ಹಾಗಾಗಿ ಬಟಾಲಾ, ಲುಧಿಯಾನಾ, ರಾಜಕೋಟಗಳಲ್ಲಿ ಎರಕ ಹೊಯ್ದ ಹ್ಯಾಮರ್ ಗೋವಾದಲ್ಲಿ ಸಿಕ್ಕರೆ ಅದು 1961ರ ನಂತರ ಬಂದದ್ದೆಂದು ಬಹುಮಟ್ಟಿಗೆ ಹೇಳಬಹುದು. ಕಳ್ಳಸಾಗಣೆಯಲ್ಲಿ ಬಂದಿರಬಾರದೇಕೆ ಎಂದರೆ, ಟನ್‌ಗಟ್ಟಲೆ ತೂಗುವ, ಅಡಿಪಾಯ ಕೇಳುವ ಎರಕವನ್ನು ಘಟ್ಟದ ಕಾಲುದಾರಿಯಲ್ಲಿ ಯಾರೂ ಹೊತ್ತು ತರುವುದಿಲ್ಲ.

ಮ್ಯಾಂಚೆಸ್ಟರಿನ ಮ್ಯಾಸಿ, ಬರ್ಮಿಂಗ್‌ಹ್ಯಾಮಿನ ಆಲ್ಡೇಸ್ ಅಂಡ್ ಅನಿಯನ್ಸ್ ಹೆಸರಿನ ಫಲಕವಿದ್ದರೆ ವಯಸ್ಸು ತಾನೇ ತಿಳಿಯುತ್ತದಲ್ಲ ಎಂಬುದು ಮತ್ತೊಂದು ವಾದ. ಫಲಕ ಯಂತ್ರ ಹುಟ್ಟಿದ ಊರನ್ನು ಹೇಳುತ್ತದೆ, ಗೋವಾಕ್ಕೆ ಬಂದ ವರ್ಷವನ್ನಲ್ಲ. ಸೆಕೆಂಡ್‌ಹ್ಯಾಂಡ್ ಯಂತ್ರಗಳು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಹಿತ್ತಾಳೆ ಫಲಕ ಎಲ್ಲಕ್ಕಿಂತ ಮೊದಲು ಕಳಚಿ ಹೋಗುವ ಭಾಗವೂ ಹೌದು. ಹಾಗಾಗಿ ಮೈಯನ್ನೇ ಓದಬೇಕು. ಮೇಲ್ಗಡೆ ಲಾರಿಯದ್ದರಂಥ ಪಟ್ಟಿ ಸ್ಪ್ರಿಂಗು, ಅದನ್ನು ಆಡಿಸುವ ಕ್ರ್ಯಾಂಕು ಇದ್ದರೆ ಸ್ಪ್ರಿಂಗ್ ಹ್ಯಾಮರ್. ಒಂದರ ಪಕ್ಕ ಒಂದು ಎರಡು ಸಿಲಿಂಡರಿದ್ದು, ಒಂದು ಗಾಳಿ ಒತ್ತಿ ಇನ್ನೊಂದು ಬಡಿಯುವಂತಿದ್ದರೆ ನ್ಯೂಮ್ಯಾಟಿಕ್. ಬಡಿಯುವ ತುಂಡಿನ ತೂಕವೇ ಯಂತ್ರದ ಅಳತೆ. ಇಂಗ್ಲಿಷ್ ಯಂತ್ರದಲ್ಲಿ ಅದು ಹಂಡ್ರೆಡ್‌ವೇಟ್‌ನಲ್ಲಿರುತ್ತದೆ, ಅಂದರೆ ಒಂದಕ್ಕೆ ಸುಮಾರು 51 ಕಿಲೋ. ಅಮೆರಿಕದ್ದರಲ್ಲಿ ಪೌಂಡಿನಲ್ಲಿ, ಜರ್ಮನಿಯದ್ದರಲ್ಲೂ ಮೆಟ್ರಿಕ್ ಬಂದ ಮೇಲಿನ ಭಾರತದ್ದರಲ್ಲೂ ಕಿಲೋದಲ್ಲಿ. ಚಪ್ಪಟೆ ಬೆಲ್ಟಿನ ಅಗಲ ಪುಲ್ಲಿ ಇದ್ದರೆ ಒಂದು ಕಾಲಕ್ಕೆ ಆಯಿಲ್ ಎಂಜಿನ್ನೋ ಲೈನ್ ಶಾಫ್ಟೋ ಅದನ್ನು ತಿರುಗಿಸಿರಬೇಕು. ಪೋರ್ಚುಗೀಸರ ಗೋವಾದಲ್ಲಿ ಕರೆಂಟು ಎಂದರೆ ಕೆಲವು ಪಟ್ಟಣಗಳ ಡೀಸೆಲ್ ಜನರೇಟರುಗಳಷ್ಟೇ. ದೊಡ್ಡ ಜಾಲ ಬಂದದ್ದು ವಿಮೋಚನೆಯ ನಂತರ, ಆಗಿನ ಮೈಸೂರು ರಾಜ್ಯದ ಕಡೆಯಿಂದ. ಚಪ್ಪಟೆ ಪುಲ್ಲಿಯನ್ನು ತೆಗೆದು ವಿ-ಬೆಲ್ಟ್ ಹಾಕಿರುವ ಗುರುತು ಕಂಡರೆ ಎಂಜಿನ್ನಿನಿಂದ ಕರೆಂಟಿಗೆ ದಾಟಿದ್ದು ಕಬ್ಬಿಣದಲ್ಲೇ ದಾಖಲಾಗಿದೆ ಎಂದರ್ಥ.

ಬೆಲೆಯ ಮಾತಿಗೆ ಬಂದರೆ, ವಯಸ್ಸಿಗಿಂತ ಮೊದಲು ಬಿರುಕು ನೋಡಬೇಕು. ಬೀಡು ಕಬ್ಬಿಣದ ಮೈಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರೆ, ಬಿರುಕಿದ್ದ ಕಡೆ ಒಳಗಿನ ಎಣ್ಣೆ ಒಸರಿ ಕಪ್ಪು ಗೆರೆ ಮೂಡುತ್ತದೆ. ಮುಖ್ಯ ಮೈಯಲ್ಲಿ ಅಂಥ ಗೆರೆ ಇದ್ದರೆ ಎಷ್ಟೇ ಹೆಸರಾಂತ ಕಂಪನಿಯದ್ದಾದರೂ ದುಡಿಯುವ ಯಂತ್ರವೆಂದು ಬೆಲೆ ಕಟ್ಟಲಾಗದು. ಸಿಲಿಂಡರಿನ ಸವೆತ, ಬಡಿಯುವ ತುಂಡು ಜಾರುವ ಗೈಡಿನ ಸಡಿಲು, ಕೆಳಗಿನ ಅಡಿಗಲ್ಲಿನ ದಿಮ್ಮಿ ಜೊತೆಗಿದೆಯೇ ಎಂಬುದು ನಂತರದ ಪ್ರಶ್ನೆಗಳು. ದಿಮ್ಮಿ ಬಿಟ್ಟು ಬಂದ ಹ್ಯಾಮರ್ ಅರ್ಧ ಯಂತ್ರ. ಹೊಡೆತ ನೆಲಕ್ಕೆ ಹೋಗದೆ ಕಬ್ಬಿಣಕ್ಕೆ ಹತ್ತುವುದು ಆ ಭಾರದಿಂದಲೇ.

ಕಾಗದಪತ್ರವಿಲ್ಲದ ಯಂತ್ರಕ್ಕೆ ಇತಿಹಾಸದ ಬೆಲೆ ಕಟ್ಟುವುದು ಬರೀ ಭಾವುಕತೆ ಎನ್ನುವವರ ಮಾತಿನಲ್ಲಿ ಒಂದಿಷ್ಟು ನ್ಯಾಯವಿದೆ. ಎಲ್ಲ ಹ್ಯಾಮರನ್ನೂ ಉಳಿಸಲು ಆಗದು, ಬೇಕಾಗಿಯೂ ಇಲ್ಲ. ಆದರೆ ಗೋವಾದಲ್ಲಿ ಗಣಿಗಾರಿಕೆ 2012ರಲ್ಲಿ ನಿಂತು, ಮಿತಿಯೊಂದಿಗೆ ಮತ್ತೆ ಶುರುವಾಗಿ, 88 ಗುತ್ತಿಗೆಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ ಮೇಲೆ 2018ರ ಮಾರ್ಚ್‌ನಲ್ಲಿ ಮತ್ತೆ ನಿಂತಿತು. ಕೆಲಸವಿಲ್ಲದ ಬಾರ್ಜ್‌ಗಳು ಗುಜರಿಗೆ ಹೋದವು. ಆ ದುಡಿಮೆಯ ಬಗ್ಗೆ ಗಣಿ ಮಾಲೀಕರ ಲೆಕ್ಕಪುಸ್ತಕಗಳಿವೆ, ಕೋರ್ಟಿನ ತೀರ್ಪುಗಳಿವೆ; ಕಮ್ಮಾರನ ಕಡೆಯಿಂದ ಉಳಿದಿರುವ ಸಾಕ್ಷಿ ಈ ಯಂತ್ರಗಳು ಮಾತ್ರ. ಆದ್ದರಿಂದ ಇಂಥದೊಂದು ಹ್ಯಾಮರ್ ನಿಮ್ಮ ಶೆಡ್ಡಿನಲ್ಲಿದ್ದರೆ, ಗ್ಯಾಸ್ ಕಟ್ಟರ್ ಹಚ್ಚುವ ಮೊದಲು ಬಣ್ಣ ಕೆರೆದು ಎರಕದಲ್ಲಿರುವ ಅಕ್ಷರಗಳನ್ನು ಓದಿ, ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ, ಅದರ ಮುಂದೆ ನಿಂತು ದುಡಿದವರು ಬದುಕಿದ್ದರೆ ಅವರನ್ನು ಕೇಳಿ ಬರೆದಿಡಿ.