ಗಣಕದ ಸೋಂಕು ಮತ್ತು ಅಡಗಿದ ಮೂಲ

ಬಾವಿಯಲ್ಲಿ ಇಲಿ ಬಿದ್ದು ಸತ್ತರೆ ನಮ್ಮ ಭಾಲ್ಕಿ ಸೀಮೆಯ ರೈತರಾರೂ ಬಾವಿಯನ್ನೇ ಮುಚ್ಚಿಬಿಡುವುದಿಲ್ಲ. ಕೆಟ್ಟ ನೀರನ್ನು ಸೇದಿ ಚೆಲ್ಲಿ, ಹೂಳು ತೆಗೆದು, ಒರತೆ ತಿಳಿಯಾಗುವವರೆಗೆ ಕಾಯುತ್ತಾರೆ. ಮನೆಯ ಕಂಪ್ಯೂಟರಿಗೆ ಸೋಂಕು ತಗುಲಿದಾಗ ಮಾತ್ರ ಈ ವಿವೇಕ ಮರೆತುಹೋಗುತ್ತದೆ. ‘ಎಲ್ಲವನ್ನೂ ಅಳಿಸಿಬಿಡಿ’ ಎಂಬುದೇ ಮೊದಲ ಸಲಹೆ. ಆದರೆ ಈ ರೋಗದ ಚರಿತ್ರೆಯನ್ನು ಬಲ್ಲವನು ಮೊದಲು ಬೇರೊಂದು ಪ್ರಶ್ನೆಯನ್ನು ಕೇಳುತ್ತಾನೆ: ಮೂಲ ಎಲ್ಲಿ ಅಡಗಿದೆ?

ಈ ಚರಿತ್ರೆ 1971ರಷ್ಟು ಹಳೆಯದು. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತೆವಳುವ ‘ಕ್ರೀಪರ್’ ಎಂಬ ಕ್ರಮವಿಧಿಯನ್ನು ಬಾಬ್ ಥಾಮಸ್ ಎಂಬವರು ಪ್ರಯೋಗಕ್ಕಾಗಿ ರಚಿಸಿದರು. ಅದನ್ನು ಹುಡುಕಿ ಅಳಿಸಲು ರೇ ಟಾಮ್ಲಿನ್ಸನ್ ‘ರೀಪರ್’ ಎಂಬುದನ್ನು ಕಳುಹಿಸಿದರು. ರೋಗದ ಬೆನ್ನಿಗೇ ಮದ್ದೂ ಹುಟ್ಟಿತೆನ್ನಬೇಕು.

ಮನೆ ಮತ್ತು ಕಚೇರಿಗಳ ಚಿಕ್ಕ ಯಂತ್ರಗಳಿಗೆ 1986ರಲ್ಲಿ ಲಾಹೋರಿನಿಂದ ಒಂದು ಪಿಡುಗು ಬಂತು. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು ರಚಿಸಿದ ‘ಬ್ರೈನ್’ ವೈರಸ್ಸು ಫ್ಲಾಪಿ ತಟ್ಟೆಯ ಮೊದಲ ಭಾಗದಲ್ಲಿ ತಾನು ಕುಳಿತುಕೊಳ್ಳುತ್ತಿತ್ತು. ಅಲ್ಲಿದ್ದ ನಿಜವಾದ ಬರಹವನ್ನು ಅದು ನಾಶಮಾಡಲಿಲ್ಲ. ಬೇರೆ ಮೂಲೆಗೆ ಸರಿಸಿ, ಆ ಜಾಗ ಕೆಟ್ಟಿದೆಯೆಂದು ಗುರುತು ಹಾಕಿತು. ಯಾರಾದರೂ ಮೊದಲ ಭಾಗವನ್ನು ಪರೀಕ್ಷಿಸಲು ಬಂದರೆ, ಬಚ್ಚಿಟ್ಟ ಮೂಲವನ್ನೇ ತೋರಿಸಿ ‘ಎಲ್ಲವೂ ಸರಿಯಾಗಿದೆ’ ಎಂದು ನಂಬಿಸುತ್ತಿತ್ತು. ಕಳ್ಳನೇ ಸಾಕ್ಷಿ ನುಡಿದಂತಲ್ಲವೆ ಇದು?

1990ರಲ್ಲಿ ನಮ್ಮ ದೇಶದಲ್ಲೇ ‘ಜೋಶಿ’ ಎಂಬುದು ಕಾಣಿಸಿಕೊಂಡಿತು. ಜನವರಿ 5ರಂದು ಯಂತ್ರ ಸ್ತಬ್ಧವಾಗಿ, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಬೆರಳಚ್ಚಿಸಿದ ಮೇಲೆಯೇ ಮುಂದೆ ಸಾಗುತ್ತಿತ್ತು. ವಾಚಕರಿಗೆ ನಗು ಬಂದೀತು. ಆದರೆ ಮೂರು ಕೀಲಿಗಳನ್ನೊತ್ತಿ ಯಂತ್ರವನ್ನು ಮರುಚಾಲನೆ ಮಾಡಿದರೂ ಅದು ನೆನಪಿನ ಕೋಶದಿಂದ ಕದಲುತ್ತಿರಲಿಲ್ಲ. ವಿದ್ಯುತ್ತನ್ನು ಪೂರ್ತಿ ಆರಿಸಿ, ಸೋಂಕಿಲ್ಲದ ಬೇರೆ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿದರಷ್ಟೇ ಚಿಕಿತ್ಸೆ ಸಾಧ್ಯ. ಕೆಸರು ನೀರಿನಲ್ಲಿ ಕೆಸರನ್ನು ತೊಳೆಯಲಾಗದು. ಶುಚಿ ಹೊರಗಿನಿಂದಲೇ ಬರಬೇಕು.

ಫ್ಲಾಪಿಯ ಕಾಲ ಹೋಗಿ ಪೆನ್‌ಡ್ರೈವ್ ಬಂದರೂ ಈ ನಿಯಮ ಬದಲಾಗಲಿಲ್ಲ. ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುವ ನಮ್ಮ ಮೆಹಕರದ ಒಂದು ಮನೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಫೋಟೋಗಳ ಕೋಶಗಳೆಲ್ಲ ಮಾಯವಾಗಿ, ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿದ್ದವು. ಅವನ್ನು ಒತ್ತಿದಷ್ಟೂ ಸೋಂಕು ಹಬ್ಬುತ್ತಿತ್ತು. ಎಲ್ಲವನ್ನೂ ಅಳಿಸುವುದೇ ದಾರಿಯೆಂದು ಅಂಗಡಿಯೊಂದರಲ್ಲಿ ಹೇಳಿದ್ದರಂತೆ. “ನಮ್ಮವ್ವಂದು ಅದೊಂದೇ ಫೋಟೋ ಅದ. ಅದು ಹೋದ್ರ ಮತ್ತ ಎಲ್ಲಿಂದ ತರೋದು?” ಎಂದರು ಮನೆಯ ಯಜಮಾನರು.

ಕಾಲೇಜು ಓದುವ ಅವರ ಅಣ್ಣನ ಮಗ, “ತಡೀರಿ ಕಾಕಾ, ನೋಡ್ತೀನಿ” ಎಂದು ಮೊದಲು ಅಂತರ್ಜಾಲದ ಸಂಪರ್ಕವನ್ನು ಕಿತ್ತ. ಬೇರೊಂದು ಶುದ್ಧ ಯಂತ್ರದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಿಂದ ಇದನ್ನು ಎಬ್ಬಿಸಿ, ಸೋಂಕಿನ ಕಡತಗಳನ್ನು ಹುಡುಕಿ ಅಳಿಸಿದ. ಆಮೇಲೆ ‘ಆಟ್ರಿಬ್’ ಎಂಬ ಒಂದು ಆಜ್ಞೆ ಬರೆದನಷ್ಟೆ. ಮರೆಯಾಗಿದ್ದ ಕೋಶಗಳೆಲ್ಲ ಸಾಲಾಗಿ ಎದ್ದು ಬಂದವು. ವೈರಸ್ಸು ಅವನ್ನು ಅಳಿಸಿರಲಿಲ್ಲ, ಮರೆಮಾಡಿತ್ತು. ಲಾಹೋರಿನ ಹಳೆಯ ತಂತ್ರವೇ ಮೆಹಕರದಲ್ಲಿ ಹೊಸ ವೇಷ ತೊಟ್ಟಿತ್ತು.

ಇಂಥ ಚಿಕಿತ್ಸೆಗೆ ಇಂದು ನೆರವೂ ಉಂಟು. ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಶುದ್ಧೀಕರಣದ ಸಾಧನಗಳನ್ನು ಜನರಿಗೆ ಉಚಿತವಾಗಿ ಒದಗಿಸಿತು.

ಆದರೆ ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷದ ಮೇ 12ರಂದು ‘ವಾನಾಕ್ರೈ’ ಜಗತ್ತಿನಾದ್ಯಂತ ಹಬ್ಬಿತು. ಅದು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಇಂಥ ರೋಗದಲ್ಲಿ ವೈರಸ್ಸನ್ನು ತೆಗೆದರೂ ಕಡತ ತೆರೆಯುವುದಿಲ್ಲ. ಮೂಲ ಅಲ್ಲೇ ಇರುತ್ತದೆ, ಆದರೆ ಬೀಗ ಬಿದ್ದಿರುತ್ತದೆ. ಬೀಗದ ಕೈ ಕಳ್ಳನ ಬಳಿ.

ಆದುದರಿಂದ ಹಳೆಯ ಪ್ರಶ್ನೆಯನ್ನು ನಾವು ಈಗ ರೋಗ ಬರುವ ಮೊದಲೇ ಕೇಳಿಕೊಳ್ಳಬೇಕಾಗಿದೆ. ಹಿಂದೆ ಮೂಲವನ್ನು ವೈರಸ್ಸೇ ಒಂದು ಮೂಲೆಯಲ್ಲಿ ಉಳಿಸುತ್ತಿತ್ತು. ಇಂದು ಅದನ್ನು ನಾವೇ, ಯಂತ್ರಕ್ಕೆ ಸಂಪರ್ಕವಿಲ್ಲದ ಬೇರೆ ತಟ್ಟೆಯಲ್ಲಿ ನಕಲು ಮಾಡಿ ಪೆಟ್ಟಿಗೆಯಲ್ಲಿರಿಸಬೇಕು. ತಾಯಿಯ ಒಂದೇ ಒಂದು ಚಿತ್ರವುಳ್ಳವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.